ತಂಗಿಗೆ ಸಿಕ್ಕ ಚುಚ್ಚುಮದ್ದು

ಹಸುಗೂಸಿನ ಹಿಮ್ಮಡಿಯಿಂದ ರಕ್ತ ತೆಗೆಯುವುದು ಅಂಥ ಕಷ್ಟದ ಕೆಲಸವೇನಲ್ಲ. ಮೊದಲು ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಬೇಕು. ಹಿಮ್ಮಡಿಯ ನಡುಭಾಗ ಬಿಟ್ಟು ಪಕ್ಕಕ್ಕೆ ಚುಚ್ಚಬೇಕು. ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ, ಎರಡನೆಯದು ತಾನಾಗಿ ದಪ್ಪಗೆ ಮೂಡುವ ತನಕ ಕಾಯಬೇಕು. ಅವಸರಕ್ಕೆ ಹಿಂಡಿದರೆ ಕೂಸಿಗೂ ನೋವು, ಪರೀಕ್ಷೆಯೂ ಕೆಡುತ್ತದೆ. ಹನಿಯನ್ನು ಕಾರ್ಡಿನ ಮೇಲಿನ ವೃತ್ತಕ್ಕೆ ತಾಕಿಸಿ, ಅದು ತುಂಬಿದ ಮೇಲೆ ನೆರಳಿನಲ್ಲಿ ಒಣಗಿಸಬೇಕು. ಬಲ್ಲವರ ಪಕ್ಕದಲ್ಲಿ ಒಂದು ವಾರ ನಿಂತರೆ ಯಾರಿಗಾದರೂ ಬರುತ್ತದೆ. ಈಗ ಲ್ಯಾಬಿನ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಅದನ್ನೆಲ್ಲ ಕಲಿಸಿಕೊಡಲು ತಿಳಿದವರಿದ್ದಾರೆ. ಪರೀಕ್ಷೆಯ ಫಲ ಬಂದ ಮೇಲೆ ಒಂದು ಮನೆಯಲ್ಲಿ ಏನೇನಾಯಿತು ಎನ್ನುವುದನ್ನು ಮಾತ್ರ ನಾನು ಬರೆದಿಡಬೇಕು ಎನಿಸಿದೆ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರಕಾರಿ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಸೀಮೆಯ ಜನ ಹೆರಿಗೆಗೆ ಬರುತ್ತಿದ್ದ ಆಸ್ಪತ್ರೆ ಅದು. ಯಾವ ಊರಿನದು ಎಂದು ಹೇಳುವುದಿಲ್ಲ. ಇಲ್ಲಿ ಬರುವ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಬಸುರಿನಲ್ಲೋ ಹೆರಿಗೆಯ ಹೊತ್ತಿನಲ್ಲೋ ತಾಯಿಯಿಂದ ಮಗುವಿಗೆ ದಾಟುವ ವೈರಸ್‌ಗಳಿವೆ. ಅವು ಕೂಸಿಗೆ ಬಂದಿವೆಯೋ ಇಲ್ಲವೋ ನೋಡುವುದು ನನ್ನ ನೌಕರಿಯ ಎರಡನೆಯ ಅರ್ಧದಲ್ಲಿ ಮುಖ್ಯ ಕೆಲಸವಾಯಿತು. ನಮ್ಮಲ್ಲಿ ಹೆಚ್ಚಾಗಿ ನೋಡುತ್ತಿದ್ದುದು ಎರಡನ್ನು: ಎಚ್‌ಐವಿ ಮತ್ತು ಲಿವರಿಗೆ ತಗಲುವ ಹೆಪಟೈಟಿಸ್ ಬಿ.

ಶುರುವಿನಲ್ಲಿ ಎಚ್‌ಐವಿ ಇದ್ದ ತಾಯಂದಿರ ಕೂಸಿಗೆಂದು ನಮ್ಮ ಕೈಗೆ ಎಟುಕುವ ಬೇರೆ ಪರೀಕ್ಷೆ ಇರಲಿಲ್ಲ. ದೊಡ್ಡವರಿಗೆ ಮಾಡುವ ಪರೀಕ್ಷೆಯನ್ನೇ ಕೂಸಿಗೆ ಮಾಡಿದರೆ ತಾಯಿಯ ರಕ್ತದಿಂದ ಬಂದ ಗುರುತುಗಳು ಅದರ ಮೈಯಲ್ಲೂ ಇರುತ್ತಿದ್ದವು; ಆರೋಗ್ಯವಾಗಿರುವ ಕೂಸಿಗೂ ‘ಇದೆ’ ಎಂದೇ ತೋರಿಸುತ್ತಿತ್ತು. ಆ ಗುರುತುಗಳು ಅಳಿಯಲು ಒಂದೂವರೆ ವರ್ಷ ಕಾಯಬೇಕಿತ್ತು. ರಾಮನಗರದ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಒಬ್ಬ ಹೆಂಗಸು ಪ್ರತಿ ತಿಂಗಳೂ ಮಗನನ್ನು ಎತ್ತಿಕೊಂಡು ಬರುತ್ತಿದ್ದಳು. ಬಿಸಿನೀರಿನಲ್ಲಿ ಗೂಡು ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

“ಇವತ್ತು ನೋಡ್ತೀರಾ ಸಾ?”

“ಇನ್ನೂ ಟೈಮ್ ಐತಮ್ಮ.”

“ನೋಡ್ಬುಡಿ ಸಾ. ಏನಿದ್ರೂ ನಾನು ಅಳಕ್ಕಿಲ್ಲ.”

ನೋಡಿದರೂ ಪ್ರಯೋಜನವಿಲ್ಲ ಎಂದು ಪ್ರತಿ ಸಲವೂ ಹೇಳಿ ಕಳುಹಿಸುತ್ತಿದ್ದೆ. ಒಂದೂವರೆ ವರ್ಷ ತುಂಬಿದಾಗ ಮಗುವನ್ನು ಕರೆತಂದವನು ಅವಳ ಅಣ್ಣ. ಮಗುವಿಗೆ ಏನೂ ಇರಲಿಲ್ಲ. ಹಾಗೆಂದು ಹೇಳಿದಾಗ ಆತ ಬೆಂಚಿನ ಮೇಲೆ ಕುಸಿದು ಕೂತು, “ಇದೊಂದ್ ಮಾತು ಅವಳ ಕಿವಿಗೆ ಬೀಳ್ಬೇಕಿತ್ತು ಸಾ” ಎಂದ. ಅವಳು ಹೋಗಿ ಎರಡು ತಿಂಗಳಾಗಿತ್ತು. ಆಮೇಲೆ ಕಾರ್ಡುಗಳು ಬಂದವು. ಹುಟ್ಟಿ ಕೆಲವೇ ವಾರದ ಕೂಸಿನ ರಕ್ತದ ಹನಿಯನ್ನು ಬೆಂಗಳೂರಿಗೆ ಕಳುಹಿಸಿ ನಿಜ ತಿಳಿಯುವ ಕಾಲ ಬಂತು. ಮೊದಲ ಕಾರ್ಡು ಕಳುಹಿಸಿದ ದಿನ ಉಳಿದವರು ಚಹಾ ತರಿಸಿ ಸಂಭ್ರಮಪಟ್ಟರು. ನನಗೆ ಆ ಬಿಳಿಚಿದ ಬೆರಳುಗಳೇ ಕಣ್ಣ ಮುಂದಿದ್ದವು.

ಆ ಹೊತ್ತಿಗಾಗಲೇ ನಮ್ಮಲ್ಲಿ ಮಕ್ಕಳ ಡಾಕ್ಟರಾಗಿದ್ದವರು ವಿಮಲಾ ಮೇಡಂ. ಬೆಂಗಳೂರಿನಿಂದ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ನಡೆದೇ ಆಸ್ಪತ್ರೆ ಸೇರುತ್ತಿದ್ದರು. ಸಣ್ಣ ಆಳು, ದೊಡ್ಡ ದನಿ. ಬೈದರೆ ವಾರ್ಡಿನ ಆ ತುದಿಗೆ ಕೇಳಿಸುತ್ತಿತ್ತು. ಆದರೆ ಪರೀಕ್ಷೆಯ ಫಲವನ್ನು ಮಾತ್ರ ಅವರು ಪಿಸುದನಿಯಲ್ಲೇ ಹೇಳಬೇಕು. ತಾಯಿ ಒಬ್ಬಳೇ ಇರಬೇಕು, ಕೂತಿರಬೇಕು, ಬಾಗಿಲು ಹಾಕಿರಬೇಕು. ನಮ್ಮ ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಖಾಲಿ ಕೋಣೆಯೇ ಇರಲಿಲ್ಲ. ಮುರಿದ ಮಂಚ ತುಂಬಿದ್ದ ಉಗ್ರಾಣವನ್ನು ಅವರೇ ನಿಂತು ಖಾಲಿ ಮಾಡಿಸಿ, ಎರಡು ಕುರ್ಚಿ ಹಾಕಿಸಿದರು. “ಗಂಗಾಧರ್, ಸುದ್ದಿ ಕೇಳಿ ಅಳೋದಕ್ಕೂ ಒಂದು ಜಾಗ ಬೇಕಲ್ರೀ” ಎಂದಿದ್ದರು.

ಆ ಕೋಣೆಗೆ ಬಂದವರಲ್ಲಿ ನನಗೆ ಮರೆಯಲಾಗದವಳು ಭಾಗ್ಯ.

ಕುದೂರಿನ ಕಡೆಯ ಹಳ್ಳಿಯವಳು. ಮನೆಯಲ್ಲಿ ನಾಲ್ಕು ಹಸು, ಒಂದಷ್ಟು ತೆಂಗು. ಗಂಡ ಮಹದೇವ ಬಿಡದಿಯ ಕಾರು ಕಾರ್ಖಾನೆಯಲ್ಲಿ ಕಂತ್ರಾಟು ಕೆಲಸಕ್ಕೆ ಹೋಗುತ್ತಿದ್ದ. ಎರಡನೆಯ ಹೆರಿಗೆ, ನೋವು ಕಾಣಿಸಿಕೊಂಡ ಮೇಲೆ ನಮ್ಮಲ್ಲಿಗೆ ಕರೆತಂದಿದ್ದರು. ಬಸುರಿಯಾಗಿದ್ದಾಗ ಮಾಡಬೇಕಾದ ರಕ್ತ ಪರೀಕ್ಷೆಗಳು ಆಗಿರಲಿಲ್ಲ. ಹೆರಿಗೆ ಕೋಣೆಯಿಂದಲೇ ರಕ್ತ ತಂದು ಕಿಟ್‌ಗೆ ಹಾಕಿದೆ. ಒಂದು ಗೆರೆ ಮೂಡಿದರೆ ಕಾಯಿಲೆ ಇಲ್ಲ, ಎರಡು ಮೂಡಿದರೆ ಇದೆ. ಎಚ್‌ಐವಿಗೆ ಒಂದೇ ಗೆರೆ ಬಂತು. ಹೆಪಟೈಟಿಸ್ ಬಿಗೆ ಎರಡು.

ಇದು ಇದ್ದವರಲ್ಲಿ ಬಹಳ ಮಂದಿಗೆ ತಮ್ಮ ಮೈಯಲ್ಲಿ ಇರುವುದೇ ಗೊತ್ತಿರುವುದಿಲ್ಲ. ಉಂಡುಕೊಂಡು ದುಡಿದುಕೊಂಡು ಇರುತ್ತಾರೆ. ಆದರೆ ಹೆರಿಗೆಯಲ್ಲಿ ಕೂಸಿಗೆ ದಾಟಿದರೆ ಅದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಎಷ್ಟೋ ವರ್ಷಗಳ ಮೇಲೆ ಲಿವರನ್ನು ಕೆಡಿಸಬಹುದು. ಹುಟ್ಟಿದ ಕೂಡಲೇ ಲಸಿಕೆಯನ್ನೂ ಅದರ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಕೊಟ್ಟರೆ ಹೆಚ್ಚಿನ ಕೂಸುಗಳು ಪಾರಾಗುತ್ತವೆ. ಲಸಿಕೆ ನಮ್ಮಲ್ಲಿತ್ತು. ಇನ್ನೊಂದು ಇರಲಿಲ್ಲ.

ಮೇಡಂ ಮಹದೇವನನ್ನು ಕರೆದು, ಬೆಂಗಳೂರಿನಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ಫೋನು ಮಾಡಿ ವಿಚಾರಿಸಿಕೊಟ್ಟರು. “ಕೂಸಿನ ಲಿವರ್ ಕಾಪಾಡೋ ಔಷಧಿ. ತಂಪಲ್ಲೇ ತರಬೇಕು” ಎಂದರು. ಆತ ಏಕೆ, ಏನು ಎಂದು ಕೇಳಲಿಲ್ಲ. ಯಾರದೋ ಬೈಕು, ಯಾರದೋ ಚಹಾ ಫ್ಲಾಸ್ಕು, ಅದರ ತುಂಬ ಐಸ್. ಮಧ್ಯಾಹ್ನ ಹೋದವನು ಸಂಜೆ ದೀಪ ಹಾಕುವ ಹೊತ್ತಿಗೆ ಬಂದ. ಫ್ಲಾಸ್ಕನ್ನು ಅಂಗಿಯೊಳಗೆ ಎದೆಗವಚಿಕೊಂಡಿದ್ದರಿಂದ ಮುಂಭಾಗವೆಲ್ಲ ಒದ್ದೆಯಾಗಿತ್ತು. ಅಷ್ಟರಲ್ಲಿ ಹೆಣ್ಣುಕೂಸು ಹುಟ್ಟಿತ್ತು. ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇದು. ಕೂಸು ಕಿಟಾರನೆ ಕಿರುಚಿ ಸುಮ್ಮನಾಯಿತು. ನಮಗೆಲ್ಲ ಒಂದು ಯುದ್ಧ ಗೆದ್ದಂತಾಗಿತ್ತು.

ಮಾರನೆಯ ಬೆಳಿಗ್ಗೆ ಮೇಡಂ ನನ್ನ ಮೇಜಿನ ಹತ್ತಿರ ಬಂದು ನಿಂತರು. “ಇವಳದ್ದು ಎರಡನೆ ಹೆರಿಗೆ ಅಲ್ವೇನ್ರೀ? ಮೊದಲನೇದು ಎಲ್ಲಿ?”

ಮೊದಲನೆಯದು ವಾರ್ಡಿನ ಹೊರಗೆ ಅಜ್ಜಿಯ ಸೆರಗು ಹಿಡಿದುಕೊಂಡು ಬನ್ನು ತಿನ್ನುತ್ತಿತ್ತು. ಹೆಸರು ರೂಪಾ. ಐದು ವರ್ಷ. ಹಳ್ಳಿಯ ಮನೆಯಲ್ಲೇ ಹುಟ್ಟಿದ ಮಗು. ಆ ಕಾಲಕ್ಕೆ ಅವರ ಕಡೆ ಇದಕ್ಕೆ ತಾಯಿಯ ಪರೀಕ್ಷೆಯೂ ಇರಲಿಲ್ಲ, ಕೂಸಿಗೆ ಲಸಿಕೆಯೂ ಇರಲಿಲ್ಲ. ಲ್ಯಾಬಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ. ಸೂಜಿ ಒಳಗೆ ಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿದಳು.

“ಪಾಪುಗೂ ಹಿಂಗೇ ಚುಚ್ಚುದ್ರಾ?”

“ಹೂಂ ಕಂದ.”

“ಅದು ಅಳ್ತಾ?”

“ಒಸಿ ಅಳ್ತು.”

“ನಾನ್ ಅಳಲ್ಲ” ಎಂದು ಉಳಿದ ಬನ್ನನ್ನು ಇನ್ನೊಂದು ಕೈಯಿಂದ ಬಾಯಿಗೆ ಹಾಕಿಕೊಂಡಳು.

ಎರಡು ಗೆರೆ ಬಂತು. ಕಿಟ್ ಕೆಟ್ಟಿರಬಹುದೆಂದು ಇನ್ನೊಂದು ಒಡೆದೆ. ಅದರಲ್ಲೂ ಎರಡು.

ದೊಡ್ಡ ಲ್ಯಾಬಿಗೆ ಕಳುಹಿಸಲು ಭಾಗ್ಯಳ ರಕ್ತ ಇನ್ನೊಮ್ಮೆ ಬೇಕಾಗಿತ್ತು. ಅದಕ್ಕಾಗಿ ಮೇಡಂ ನನ್ನನ್ನು ಆ ಕೋಣೆಗೆ ಕರೆಸಿದ್ದರು. ಅವರು ಎಲ್ಲವನ್ನೂ ನಿಧಾನವಾಗಿ ಹೇಳಿ ಮುಗಿಸಿದರು: ಅವಳಿಗೆ ಇದೆ, ದೊಡ್ಡ ಮಗಳಿಗೂ ಬಂದಿದೆ, ಸದ್ಯಕ್ಕೆ ಇಬ್ಬರಿಗೂ ಅಪಾಯವಿಲ್ಲ, ವರ್ಷಕ್ಕೊಮ್ಮೆ ನೋಡಿಕೊಂಡು ಹೋಗಬೇಕು. ಭಾಗ್ಯ ಬಹಳ ಹೊತ್ತು ಮಡಿಲಿನ ಕೂಸಿನ ತೊಡೆಗೆ ಅಂಟಿಸಿದ್ದ ಹತ್ತಿಯನ್ನೇ ನೋಡುತ್ತಿದ್ದಳು.

“ನಿನ್ನೆ ಇವಳಿಗೆ ಹಾಕುದ್ರಲ್ಲ ಮೇಡಂ, ಅದನ್ನ ರೂಪಂಗೂ ಹುಟ್ಟಿದ್ ದಿನ ಹಾಕಿದ್ರೆ?”

“ಬಹುಶಃ ಬರ್ತಿರ್ಲಿಲ್ಲಮ್ಮ.”

“ಈಗ ಹಾಕುದ್ರೆ?”

“ಈಗ ಹಾಕಿ ಪ್ರಯೋಜನ ಇಲ್ಲ.”

ಅವಳು ಅಳಲಿಲ್ಲ. “ಐದ್ ವರ್ಸದ್ ವ್ಯತ್ಯಾಸ” ಎಂದಳು. ಆಮೇಲೆ, “ಇದಕ್ಕೆ ಹಾಲು ಕೊಡ್ಬೋದಾ?” ಎಂದು ಕೇಳಿದಳು. ಕೊಡಬಹುದು ಎಂದು ಮೇಡಂ ಹೇಳಿದ ಮೇಲೇ ಕೂಸನ್ನು ಎದೆಗೆ ಹಾಕಿಕೊಂಡಳು.

ಅತ್ತೆಗೆ ತಾನೇ ಹೇಳುತ್ತೇನೆ, ಊರಿಗೆ ಹೋದ ಮೇಲೆ ಸಮಯ ನೋಡಿ ಹೇಳುತ್ತೇನೆ ಎಂದಿದ್ದಳು ಭಾಗ್ಯ. ಆ ಅವಕಾಶ ಅವಳಿಗೆ ಸಿಗಲಿಲ್ಲ. ಹೊಸದಾಗಿ ಸೇರಿದ್ದ ಒಬ್ಬ ಯುವ ಡ್ಯೂಟಿ ಡಾಕ್ಟರ್ ಸಂಜೆ ವಾರ್ಡಿಗೆ ಬಂದು, ಬಾಗಿಲಲ್ಲೇ ನಿಂತು, “ಹೆಪಟೈಟಿಸ್ ಬಿ ಇರೋ ತಾಯಿ ಯಾರಮ್ಮಾ? ತಾಯಿ ಮಗಳು ಇಬ್ಬರಿಗೂ ಇದೆಯಲ್ಲ, ಅವರು?” ಎಂದು ಕೇಳಿದರು. ವಾರ್ಡಿನಲ್ಲಿ ಹತ್ತು ಮಂಚ, ಅದರ ಎರಡರಷ್ಟು ಜನ. ಎಲ್ಲರೂ ತಿರುಗಿ ನೋಡಿದರು. ಆ ಡಾಕ್ಟರು ಕೆಟ್ಟವರಲ್ಲ. ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ, ಹೆಸರು ಮರೆತಿತ್ತು. ಮೇಡಂ ಆಮೇಲೆ ಅವರನ್ನು ಅದೇ ಕೋಣೆಯಲ್ಲಿ ಕೂರಿಸಿಕೊಂಡು ಮಾತಾಡಿದರು. ಹೊರಗೆ ಬಂದಾಗ ಆ ಹುಡುಗನ ಕಣ್ಣು ಕೆಂಪಾಗಿತ್ತು. ಆದರೆ ಆಡಿದ ಮಾತು ಭಾಗ್ಯಳ ಅತ್ತೆಯ ಕಿವಿಗೆ ಬಿದ್ದಾಗಿತ್ತು.

ಅತ್ತೆ ನಿಂಗಮ್ಮ ಜೋರಿನ ಹೆಂಗಸೇನಲ್ಲ. ಕೂಸು ಹುಟ್ಟಿದಾಗಿನಿಂದ ಅದರ ಪಕ್ಕ ಬಿಟ್ಟು ಕದಲಿದ್ದೇ ಅಪರೂಪ. ಸುದ್ದಿ ಕೇಳಿದವಳೇ ಲ್ಯಾಬಿನ ಬಾಗಿಲಿಗೆ ಬಂದಳು.

“ಏನಪ್ಪಾ ಅದು? ಕಾಮಾಲೆನಾ? ಅಂಟ್ಕತದಾ?”

“ಒಂದೇ ತಟ್ಟೇಲಿ ಉಂಡ್ರೆ, ಪಕ್ಕದಾಗೆ ಮಲಗಿದ್ರೆ ಬರಲ್ಲ ಕಣಮ್ಮ. ರಕ್ತದಿಂದ ಬರೋದು. ಮೇಡಂ ಕರೀತಾರೆ, ಬನ್ನಿ, ಎಲ್ಲ ಬಿಡಿಸಿ ಹೇಳ್ತಾರೆ.”

ಮೇಡಂ ಅರ್ಧ ಗಂಟೆ ಹೇಳಿದರು. ಚಿಕ್ಕ ಕೂಸಿಗೆ ಲಸಿಕೆ ಬಿದ್ದಿದೆ, ಅಕ್ಕನಿಂದ ಅದಕ್ಕೆ ಭಯವಿಲ್ಲ ಎಂದರು. ಮನೆಯಲ್ಲಿ ಇರುವವರೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡು, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ ಎಂದೂ ಹೇಳಿದರು. ನಿಂಗಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಪರೀಕ್ಷೆಯ ಮಾತಿಗೆ ಮಾತ್ರ, “ನಂಗೇನಾಗೈತೆ ತಾಯಿ, ಗುಂಡ್ಕಲ್ಲಿದ್ದಂಗಿವ್ನಿ” ಎಂದು ನಕ್ಕಳು. ಮಹದೇವ, ರಜೆ ಹಾಕಿಕೊಂಡು ಬತ್ತೀನಿ ಎಂದ.

ಭಾಗ್ಯಳನ್ನು ಮನೆಗೆ ಕಳುಹಿಸುವ ದಿನ ಸೋಲೂರಿನಿಂದ ಅವಳ ಅಪ್ಪ ಬಂದಿದ್ದರು. ಆಸ್ಪತ್ರೆಯ ಗೇಟಿನ ಹತ್ತಿರ ಎರಡು ದಾರಿಯಾಯಿತು. ಭಾಗ್ಯ, ಕೂಸು, ಗಂಡ, ಅತ್ತೆ ಒಂದು ಆಟೋ ಹತ್ತಿದರು. ರೂಪಾ ತಾತನ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ನಿಂಗಮ್ಮನನ್ನು ಕೇಳಿಯೇಬಿಟ್ಟೆ.

“ಮಗಾನ ಯಾಕಮ್ಮ ಬೇರೆ ಕಳಿಸ್ತೀರಾ?”

“ಈ ಕೂಸು ಒಸಿ ಗಟ್ಟಿಯಾಗ್ಲಿ ಅಂತ ಕಣಪ್ಪ. ಎಲ್ಡುನೂ ಕಳ್ಕಳಾಕಾಗಕ್ಕಿಲ್ಲ. ಒಂದ್ ವರ್ಸ, ಆಮೇಕೆ ಕರ್ಕಬತ್ತೀವಿ.”

ಆಕೆ ಸುಳ್ಳು ಹೇಳುತ್ತಿರಲಿಲ್ಲ. ಹಾಗೆಯೇ ಮಾಡುತ್ತೇನೆಂದು ಆಕೆ ನಂಬಿದ್ದಳು.

ಚಿಕ್ಕವಳಿಗೆ ಕಾವ್ಯ ಎಂದು ಹೆಸರಿಟ್ಟರು. ಲಸಿಕೆಗಳೆಲ್ಲ ಮುಗಿದು, ವರ್ಷ ತುಂಬುವ ಹೊತ್ತಿಗೆ ಅವಳ ರಕ್ತ ನೋಡಿದೆವು. ವೈರಸ್ ಇಲ್ಲ, ಲಸಿಕೆಯಿಂದ ಬಂದ ರಕ್ಷಣೆ ಚೆನ್ನಾಗಿದೆ. ಮೇಡಂ ತಮ್ಮ ಪಿಸುದನಿ ಮರೆತು ಗಟ್ಟಿಯಾಗಿಯೇ ಹೇಳಿದರು. ಭಾಗ್ಯ ನಗಲಿಲ್ಲ.

“ಹಂಗಾದ್ರೆ ಈಗ ರೂಪನ ಕರ್ಕಬರ್ಬೋದಾ ಮೇಡಂ?”

“ಯಾವತ್ತು ಬೇಕಾದ್ರೂ ಕರ್ಕೊಂಡು ಬರಬಹುದಿತ್ತಲ್ಲಮ್ಮ” ಎಂದರು ಮೇಡಂ.

ಅದನ್ನು ಕೇಳಿ ಭಾಗ್ಯ ಕೂಸನ್ನು ಎತ್ತಿಕೊಂಡು ಎದ್ದು ಹೋದಳು. ಕರೆತರಲಿಲ್ಲ. ರೂಪಾ ಸೋಲೂರಿನಲ್ಲಿ ಶಾಲೆಗೆ ಸೇರಿದ್ದಳು; ವರ್ಷದ ನಡುವೆ ಬಿಡಿಸುವುದು ಬೇಡ ಎಂದರು. ಮುಂದಿನ ವರ್ಷ ಸೋಲೂರಿನ ಅಜ್ಜಿಗೆ ಅವಳನ್ನು ಬಿಟ್ಟಿರಲು ಆಗುವುದಿಲ್ಲ ಎಂದರು. ಆಮೇಲೆ ಯಾರೂ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮಗೂ ಬಿಡುವಿರಲಿಲ್ಲ. ಒಂದು ಮಳೆಗಾಲದಲ್ಲಿ ಬೆಂಗಳೂರಿನ ಬಸ್ಸು ಹೊರಡುತ್ತದೆಂದು ಅವಸರಪಟ್ಟು ಯಾರೋ ಇನ್ನೂ ಹಸಿಯಿದ್ದ ರಕ್ತದ ಕಾರ್ಡುಗಳನ್ನು ಲಕೋಟೆಗೆ ತುಂಬಿಬಿಟ್ಟರು. ಬೂಷ್ಟು ಹಿಡಿದಿದೆ ಎಂದು ಎಲ್ಲವೂ ವಾಪಸು ಬಂದವು. ತಾಯಂದಿರನ್ನು ಮತ್ತೆ ಕರೆಸಿ ಕೂಸುಗಳಿಗೆ ಮತ್ತೆ ಚುಚ್ಚಿದೆವು. ಕನಕಪುರದ ಕಡೆಯ ಒಬ್ಬ ತಾಯಿ ಮಾತ್ರ ಬರಲೇ ಇಲ್ಲ. ಕೊಟ್ಟಿದ್ದ ಫೋನು ನಂಬರು ಬೇರೆ ಯಾರದೋ ಆಗಿತ್ತು. ಆ ಕೂಸಿಗೆ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ. ಇಂಥವು ಒಂದರ ಮೇಲೊಂದು ಬರುತ್ತಿದ್ದಾಗ, ಆರೋಗ್ಯವಾಗಿ ಶಾಲೆಗೆ ಹೋಗುತ್ತಿರುವ ಹುಡುಗಿ ಯಾರ ಮನೆಯಲ್ಲಿ ಇದ್ದಾಳೆ ಎನ್ನುವುದು ಆಸ್ಪತ್ರೆಯವರ ಚಿಂತೆಯಾಗುವುದಿಲ್ಲ.

ಆದರೂ ವರ್ಷಕ್ಕೊಮ್ಮೆ ರೂಪಾ ಬರುತ್ತಿದ್ದಳು. ಬೇಸಿಗೆ ರಜೆಯಲ್ಲಿ ತಾತ ಅವಳನ್ನು ಮಾಗಡಿ ಬಸ್ಸು ಹತ್ತಿಸಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕರೆತರುತ್ತಿದ್ದರು. ತೋಳು ಉದ್ದವಾಗುತ್ತಾ ಹೋಯಿತು, ರಕ್ತನಾಳ ಹುಡುಕುವುದು ಸುಲಭವಾಗುತ್ತಾ ಹೋಯಿತು. ಒಂದು ವರ್ಷ ಮುಂದಿನ ಹಲ್ಲು ಇರಲಿಲ್ಲ. ಒಂದು ವರ್ಷ ಹಾಲಿನ ಡೇರಿಗೆ ತಾನೇ ಹಾಲು ಹಾಕಿಬರುವುದಾಗಿ ಹೇಳಿದಳು. ಲಿವರಿನ ಪರೀಕ್ಷೆ ಪ್ರತಿ ಸಲವೂ ಸರಿಯಾಗಿಯೇ ಇರುತ್ತಿತ್ತು. ಭಾಗ್ಯ ತನ್ನ ಪರೀಕ್ಷೆಗೆ ಬೇರೆ ದಿನ ಬರುತ್ತಿದ್ದಳು. ತಾಯಿ ಮಗಳು ಒಂದೇ ದಿನ ಬಂದದ್ದನ್ನು ನಾನು ನೋಡಿರಲಿಲ್ಲ.

ಹನ್ನೆರಡು ಹದಿಮೂರು ವರ್ಷದವಳಾದಾಗ, ರಬ್ಬರ್ ಪಟ್ಟಿ ಬಿಚ್ಚುವ ಹೊತ್ತಿಗೆ ಕೇಳಿದಳು, “ನನ್ ರಕ್ತದಾಗೆ ಏನೈತೆ ಸಾ?”

ತಾತ ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಅವಳಿಗೆ ಯಾರೂ ಏನನ್ನೂ ಹೇಳಿಲ್ಲ ಎಂದು ಆಗ ತಿಳಿಯಿತು. ಮಕ್ಕಳಿಗೆ ನಾವು ಹೇಳುವಂತಿಲ್ಲ; ಮೇಡಂ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರು ಭಾಗ್ಯಳಿಗೆ ಹೇಳಿಕಳುಹಿಸಿ, ಮುಂದಿನ ವಾರ ಇಬ್ಬರನ್ನೂ ಒಟ್ಟಿಗೆ ಬರಹೇಳಿದರು.

ಅದೇ ಕೋಣೆ, ಈಗ ಮೂರು ಕುರ್ಚಿ. ಮೇಡಂ ನನ್ನನ್ನೂ ಇರಲು ಹೇಳಿದರು. ಹುಡುಗಿಗೆ ಅಲ್ಲಿ ಪರಿಚಯದ ಮುಖ ನನ್ನದೇ ಇತ್ತು. ಅವರು ಸುಲಭದ ಮಾತಿನಲ್ಲಿ ಎಲ್ಲವನ್ನೂ ಹೇಳಿದರು. ಇದು ಹೇಗೆ ಬಂತು, ಏನು ಮಾಡಬಹುದು, ಏನು ಮಾಡಬಾರದು. ಮುಂದೆ ಬೇಕಾದರೆ ಮಾತ್ರೆಗಳಿವೆ, ಓದಬಹುದು, ಕೆಲಸ ಮಾಡಬಹುದು, ಮದುವೆಯಾಗಬಹುದು, ಮಕ್ಕಳನ್ನೂ ಹೆರಬಹುದು. ಯಾರ ಜೊತೆ ಕೂತು ಉಂಡರೂ ಯಾರಿಗೂ ಬರುವುದಿಲ್ಲ. ರೂಪಾ ಪಾಠ ಕೇಳುವವಳ ಹಾಗೆ ಕೇಳಿಸಿಕೊಂಡಳು. ಕೊನೆಗೆ ಅಮ್ಮನ ಕಡೆ ತಿರುಗಿದಳು.

“ಅದ್ಕೇನಾ ನಾನು ತಾತನ ಮನೇಲಿರೋದು?”

ಭಾಗ್ಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಸೋಲೂರ್ ಸ್ಕೂಲು ಚೆನ್ನಾಗೈತೆ ಅಂದಿದ್ದೆ.”

“ಚೆನ್ನಾಗೈತಲ್ಲವ್ವ” ಎಂದಳು ಭಾಗ್ಯ.

“ಜೊತೇಲಿ ಉಂಡ್ರೆ ಬರಲ್ವಂತೆ. ನಿಂಗೆ ಗೊತ್ತಿತ್ತಾ?”

“ಮೇಡಂ ಹೇಳಿದ್ರು.”

“ಯಾವಾಗ?”

ಭಾಗ್ಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರೂಪಾ ಅಮ್ಮನ ಭುಜ ಮುಟ್ಟಲಿಲ್ಲ, ಬೈಯಲೂ ಇಲ್ಲ. ನನ್ನನ್ನು ನೋಡಿ, “ತಾತ ಕಾಯ್ತಾವ್ರೆ ಸಾ, ಬಸ್ಸೋಯ್ತದೆ” ಎಂದು ಎದ್ದಳು. ಅವರು ಹೋದ ಮೇಲೆ ಮೇಡಂ ಮತ್ತೆ ಬಾಗಿಲು ಹಾಕಿಕೊಂಡು ಅಲ್ಲೇ ಕೂತರು. ನಾನು ಕುರ್ಚಿಗಳನ್ನು ಸರಿಸಿಟ್ಟು ಹೊರಗೆ ಬಂದೆ.

ಇದಾಗಿ ಮೂರ್ನಾಲ್ಕು ವರ್ಷಕ್ಕೆ ನಿಂಗಮ್ಮನನ್ನು ಆಸ್ಪತ್ರೆಗೆ ತಂದರು. ಕಾಲು ಬಾತಿತ್ತು, ಹೊಟ್ಟೆ ನೀರು ತುಂಬಿ ಬಿಗಿದಿತ್ತು, ಕಣ್ಣು ಹಳದಿ. ಲಿವರಿನ ಕಾಯಿಲೆ ಎಂದು ನೋಡಿದರೇ ತಿಳಿಯುವಂತಿತ್ತು. ಗುಂಡುಕಲ್ಲಿನಂತಿದ್ದ ತೋಳು ಕಡ್ಡಿಯಾಗಿತ್ತು. ರಕ್ತ ತೆಗೆದು ಕಿಟ್‌ಗೆ ಹಾಕಿ ಎದುರಿಗೇ ನಿಂತೆ. ಎರಡನೆಯ ಗೆರೆ ತಡಮಾಡದೆ ಮೂಡಿತು.

ಆ ವೈರಸ್ ಅವಳ ಮೈಯಲ್ಲಿ ಎಷ್ಟು ವರ್ಷದಿಂದ ಇತ್ತೋ ಯಾರಿಗೂ ಹೇಳಲಾಗದು. ಲಿವರು ಆ ಸ್ಥಿತಿಗೆ ಬರಬೇಕಾದರೆ ಬಹುಕಾಲ ಹಿಡಿದಿರುತ್ತದೆ. ಮೊಮ್ಮಗಳನ್ನು ಸೋಲೂರಿಗೆ ಕಳುಹಿಸಿದ ದಿನವೂ ಇದ್ದಿರಬೇಕು. ಮೇಡಂ ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಹೋಗಿ ತಿಳಿಸಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಅವತ್ತು ಹೇಳಿದ್ದೆ, ನೆನಪಿದೆಯಾ?”

“ಹೇಳಿದ್ರಿ ಮೇಡಂ.”

“ಹೇಳಿದೆ. ಹೇಳಿದ ಮೇಲೆ ಕೆಲಸ ಮುಗೀತು ಅಂದ್ಕೊಂಡೆ.”

ನಾವೆಲ್ಲರೂ ಹಾಗೇ ಅಂದುಕೊಂಡಿದ್ದೆವು. ಅವತ್ತು ಆ ಅಜ್ಜಿಯನ್ನು ಪುಸಲಾಯಿಸಿ ಸ್ಟೂಲಿನ ಮೇಲೆ ಕೂರಿಸಿ ಒಂದಿಷ್ಟು ರಕ್ತ ತೆಗೆದಿದ್ದರೆ, ಗೆರೆ ಅವತ್ತೇ ಕಾಣುತ್ತಿತ್ತು. ಆಕೆಗೆ ಔಷಧಿಯೂ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು. ಮನೆಯ ಹಿರಿಯಳಿಗೇ ಇರುವ ಕಾಯಿಲೆಗೆ ಮಗುವನ್ನು ದೂರ ಕಳುಹಿಸಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಕೂಸನ್ನು ಉಳಿಸಿದ ಖುಷಿಯಲ್ಲಿ ಉಳಿದವರ ಕಡೆ ನಮ್ಮ ಗಮನ ಹೋಗಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದ್ದು ಏನಾದರೂ ಇದ್ದರೆ ಇಷ್ಟೇ: ತೊಟ್ಟಿಲಲ್ಲಿರುವುದನ್ನು ನೋಡಿ ಆಯಿತು ಎಂದುಕೊಳ್ಳಬೇಡಿ. ಅದಕ್ಕಿಂತ ದೊಡ್ಡದು ಹೊರಗೆ ನಿಂತಿದೆಯೇ, ಅದರ ಕೈ ಹಿಡಿದವರು ಯಾರು ಎಂದು ವಿಚಾರಿಸಿ. ಅವರು ಬರುತ್ತೇವೆಂದು ಹೇಳಿ ಬಾರದಿದ್ದರೆ ಇನ್ನೊಮ್ಮೆ ಕರೆಯಿರಿ.

ನಿಂಗಮ್ಮನಿಗೆ ವಿಷಯ ತಿಳಿಸಿದ ಮಾರನೆಯ ದಿನ ನಾನು ರಕ್ತಕ್ಕೆಂದು ಹೋದಾಗ, ಆಕೆ ನನ್ನ ಕೈ ಹಿಡಿದುಕೊಂಡಳು.

“ನಂಗೂ ಅದೇ ಅಂತಲ್ಲಪ್ಪ.”

“ಹೂಂ ಕಣಮ್ಮ.”

“ಇಷ್ಟ್ ವರ್ಸ ನನ್ ತಟ್ಟೇಲೇ ಕಾವ್ಯಂಗೆ ತುತ್ ಹಾಕಿವ್ನಿ. ಅದಕ್ಕೇನೂ ಬಂದಿಲ್ವಾ?”

“ಇಲ್ಲಮ್ಮ. ಅದಕ್ಕೇನೂ ಇಲ್ಲ.”

ಆಕೆ ಸೂರನ್ನು ನೋಡುತ್ತಾ ಮಲಗಿದಳು. “ಹಂಗಾದ್ರೆ ಆ ಮಗೀನ ಸುಮ್‌ಸುಮ್ನೆ ಕಳಿಸ್‌ಬುಟ್ಟೆ” ಎಂದಳು. “ಮಾದೇವಂಗೆ ಹೇಳು, ಕರ್ಕಬರ್ಲಿ” ಎಂದಳು.

ಮಹದೇವ ಅವತ್ತೇ ಸೋಲೂರಿಗೆ ಹೋದ. ರೂಪಾ ಅವನೊಂದಿಗೆ ಬಂದಳು. ಎರಡು ದಿನ ಅಜ್ಜಿಯ ಮಂಚದ ಪಕ್ಕ ಇದ್ದಳು. ಗಂಜಿ ಕುಡಿಸಿದಳು, ಹಾಸಿಗೆ ಬದಲಾಯಿಸಿದಳು, ಕಾಲು ಒತ್ತಿದಳು. ಒಂದು ಮಾತೂ ಕಟುವಾಗಿ ಆಡಲಿಲ್ಲ. ಆಸ್ಪತ್ರೆಯ ನರ್ಸುಗಳೆಲ್ಲ ಎಂಥ ಮೊಮ್ಮಗಳು ಎಂದು ಹೊಗಳಿದರು. ಮೂರನೆಯ ದಿನ ನಿಂಗಮ್ಮ ತೀರಿಕೊಂಡಳು.

ತಿಥಿಯೆಲ್ಲ ಮುಗಿದ ಮೇಲೆ ಮಹದೇವ ಕೊನೆಗೂ ತನ್ನ ರಕ್ತ ಪರೀಕ್ಷೆಗೆ ಬಂದ. ಅವನಿಗೆ ಇರಲಿಲ್ಲ. ಲಸಿಕೆ ಹಾಕಿಸಿಕೊಂಡು ಹೊರಟವನು ಬಾಗಿಲಲ್ಲಿ ನಿಂತ.

“ಮಗಳಿಗೆ ಮನೆಗೇ ಬಂದ್ಬುಡವ್ವಾ ಅಂದೆ ಸಾ. ಇನ್ಯಾರ್ ಏನಂತಾರೆ, ನಿನ್ ಮನೆ, ಬಾ ಅಂದೆ.”

“ಏನಂದ್ಲು?”

“ಹಬ್ಬಕ್ ಬತ್ತೀನಪ್ಪ ಅಂದ್ಲು.”

ಆತ ಮೂಗು ಒರೆಸಿಕೊಂಡು ಬಿಡದಿಯ ಬಸ್ಸು ಹಿಡಿಯಲು ಹೋದ.

ನನ್ನ ನೌಕರಿಯ ಕೊನೆಯ ತಿಂಗಳಿನಲ್ಲಿ ಅವರು ಇನ್ನೊಮ್ಮೆ ಬಂದರು. ಈಗ ಆಸ್ಪತ್ರೆಯಲ್ಲಿ ಈ ಕಾಯಿಲೆಗೆಂದೇ ತಪಾಸಣೆ ಇದೆ, ಮಾತ್ರೆಗಳಿವೆ. ಹುಟ್ಟುವ ಕೂಸುಗಳಿಗೆಲ್ಲ ಮೊದಲ ದಿನವೇ ಲಸಿಕೆ ಬೀಳುತ್ತದೆ. ಭಾಗ್ಯ ಮತ್ತು ರೂಪಾ ಒಂದೇ ದಿನ ಪರೀಕ್ಷೆಗೆ ಬಂದಿದ್ದರು. ಜೊತೆಗೆ ಕಾವ್ಯಳೂ ಇದ್ದಳು. ರೂಪಾ ಸೋಲೂರಿನಲ್ಲೇ ಇದ್ದಾಳೆ, ಡಿಗ್ರಿ ಮುಗಿಸಿ ಅಲ್ಲಿಯ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಾಳೆ, ತಾತನಿಗೆ ವಯಸ್ಸಾಗಿದೆ. ಆರೋಗ್ಯವಾಗಿದ್ದಾಳೆ. ಕಾವ್ಯ ಅಕ್ಕನಿಗಿಂತ ಎತ್ತರ ಬೆಳೆದಿದ್ದಳು.

ರೂಪಾಳ ರಕ್ತ ತೆಗೆದು ಹತ್ತಿ ಒತ್ತಿ ಹಿಡಿದುಕೊಳ್ಳಲು ಹೇಳಿದೆ. ಅವಳು ಹೊರಗೆ ಹೋಗಿ ನಿಂತಳು. ಬೆಂಚಿನಲ್ಲಿ ಅಮ್ಮನ ಪಕ್ಕ ಇನ್ನೊಬ್ಬರಿಗಾಗುವಷ್ಟೇ ಜಾಗವಿತ್ತು. ಅಲ್ಲಿ ಕೂತಿದ್ದ ಕಾವ್ಯ ತಟ್ಟನೆ ಎದ್ದಳು.

“ನೀವು ಕೂತ್ಕೊಳ್ಳಿ ಅಕ್ಕ” ಎಂದಳು. “ನೀರು ತಂದ್ಕೊಡ್ಲಾ ನಿಮಗೆ?”

“ಬೇಡ, ನೀವು ಕೂತ್ಕೊಳ್ಳಿ” ಎಂದಳು ರೂಪಾ.

ಇಬ್ಬರ ದನಿಯಲ್ಲೂ ಪ್ರೀತಿಯಿತ್ತು, ಮರ್ಯಾದೆಯಿತ್ತು. ನಡುವೆ ಭಾಗ್ಯ ತಲೆ ತಗ್ಗಿಸಿ ಕೂತಿದ್ದಳು. ಒಡಹುಟ್ಟಿದವರು ಒಬ್ಬರಿಗೊಬ್ಬರು ‘ನೀವು’ ಎನ್ನುತ್ತಿದ್ದರು.